ಬಾಯಿ ಮುಚ್ಚಿ ಓದಿದ ವರ್ಷ

ಫಾರ್ಮಲಿನ್ ವಾಸನೆ ಬಡಿದರೆ ಮೊದಲು ಕಣ್ಣು ಉರಿಯುತ್ತದೆ, ಆಮೇಲೆ ಗಂಟಲು. ಕಣ್ಣಲ್ಲಿ ನೀರು ಬರುತ್ತದೆ, ಆದರೆ ಅದು ಅಳುವಲ್ಲ. ಹೋದ ತಿಂಗಳು ಮಂಡ್ಯದ ಒಂದು ಶಾಲೆಯಲ್ಲಿ ನಮಗೆ, ಅಂದರೆ ಹೈಸ್ಕೂಲಿನಲ್ಲಿ ಪಾಠ ಮಾಡುವವರಿಗೆ, ಎರಡು ದಿನದ ತರಬೇತಿ ಇತ್ತು. ದೊಡ್ಡ ಹಾಲಿಗೆ ಸುಣ್ಣ ಬಳಿಯುತ್ತಿದ್ದಾರೆ ಅಂತ ನಮ್ಮನ್ನೆಲ್ಲ ಆ ಶಾಲೆಯ ವಿಜ್ಞಾನದ ಲ್ಯಾಬಿಗೆ ತುಂಬಿದರು. ಗಾಜಿನ ಬೀರುವಿನಲ್ಲಿ ಕಪ್ಪೆ, ಚೇಳು, ಹಾವಿನ ಮರಿ ಮುಳುಗಿಸಿಟ್ಟ ಬಾಟಲಿಗಳು. ಯಾವುದರದೋ ಮುಚ್ಚಳ ಸಡಿಲವಾಗಿತ್ತೋ ಏನೋ, ಬಾಗಿಲು ತೆಗೆದ ಕೂಡಲೇ ಆ ವಾಸನೆ. ಅಕ್ಕಪಕ್ಕದವರು ಸೆರಗನ್ನೋ ಕರ್ಚೀಫನ್ನೋ ಮೂಗಿಗೆ ಒತ್ತಿಕೊಂಡರು. ನಾನು ಮಾತ್ರ ಉಸಿರೆಳೆದುಕೊಂಡು ಕೂತೆ. ನಿಮ್ಮ ಮನೆಯಲ್ಲೂ ರೇಷ್ಮೆಹುಳ ಸಾಕಿದ್ದರೆ ನಿಮಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಒಂದು ಬೆಳೆ ಮುಗಿದು ಇನ್ನೊಂದಕ್ಕೆ ಮೊಟ್ಟೆ ತರುವ ನಡುವೆ ಹುಳದ ಮನೆಯನ್ನು ತೊಳೆದು, ಕಿಟಕಿಯ ಸಂದಿಗೆಲ್ಲ ಕಾಗದ ಅಂಟಿಸಿ, ಒಳಗೆ ಈ ಔಷಧಿ ಹೊಡೆದು ಬಾಗಿಲು ಹಾಕಿಬಿಡುತ್ತಿದ್ದರು. ಅಪ್ಪ ಮುಖಕ್ಕೆ ಒದ್ದೆ ಟವಲು ಸುತ್ತಿಕೊಂಡು ಒಳಗೆ ಹೋಗುತ್ತಿದ್ದ, ಕಣ್ಣು ಕೆಂಡ ಮಾಡಿಕೊಂಡು ಹೊರಗೆ ಬಂದು ತೊಟ್ಟಿಗೆ ತಲೆಯನ್ನೇ ಅದ್ದುತ್ತಿದ್ದ. ನಾನೂ ಅಕ್ಕನೂ ಅದನ್ನು ನೋಡಿ ನಗುತ್ತಿದ್ದೆವು. ನಮ್ಮ ಮನೆಯ ಎಲ್ಲ ನೆನಪಿಗೂ ಆ ವಾಸನೆ ಹತ್ತಿಕೊಂಡಿದೆ, ಹಬ್ಬದ ನೆನಪಿಗೂ ಕೂಡ.

ತರಬೇತಿ ಕೊಡಲು ಬಂದಿದ್ದವಳು ಚಿಕ್ಕ ವಯಸ್ಸಿನ ಹುಡುಗಿ, ಚುರುಕಾಗಿದ್ದಳು. ಎಲ್ಲರಿಗೂ ಒಂದೊಂದು ಹಾಳೆ ಹಂಚಿದಳು. ಅದರಲ್ಲಿ ಮೂರು ಮನೆ ಗೀಚಿತ್ತು. ನೋಡಿ ಕಲಿಯುವವರು, ಕೇಳಿ ಕಲಿಯುವವರು, ಕೈಯಲ್ಲಿ ಮಾಡಿ ಕಲಿಯುವವರು. ನಿಮ್ಮ ಕ್ಲಾಸಿನ ಮಕ್ಕಳ ಹೆಸರನ್ನು ಒಂದೊಂದಾಗಿ ಇವುಗಳಲ್ಲಿ ಹಾಕಿ, ಪಕ್ಕದಲ್ಲಿ ಅವರು ಮನೆಯಲ್ಲಿ ಹೇಗೆ ಓದುತ್ತಾರೆ, ಹೋದ ಪರೀಕ್ಷೆಯಲ್ಲಿ ಎಷ್ಟು ತೆಗೆದರು ಅಂತ ಬರೆಯಿರಿ ಅಂದಳು. ಹಿಂದಿನ ಬೆಂಚಿನ ಮೇಷ್ಟ್ರೊಬ್ಬರು ಇದೆಲ್ಲ ನಿಜವೇನಮ್ಮ ಅಂತ ಕೇಳಿದರು. ಅವಳು ಸುಳ್ಳು ಹೇಳಲಿಲ್ಲ. ಇಷ್ಟು ನೀಟಾಗಿ ಯಾವ ಮಗುವೂ ಒಂದೇ ಮನೆಯಲ್ಲಿ ಕೂರುವುದಿಲ್ಲ ಸಾರ್, ಇದನ್ನು ಒಪ್ಪದವರೂ ತುಂಬ ಜನ ಇದ್ದಾರೆ, ಮಕ್ಕಳನ್ನು ಒಂದು ಸಲ ಸರಿಯಾಗಿ ನೋಡಲಿ ಅಂತ ಈ ಹಾಳೆ ಅಷ್ಟೆ ಅಂದಳು. ನನಗೆ ಆ ಹುಡುಗಿ ಹಿಡಿಸಿದಳು. ಪೆನ್ನು ತೆಗೆದೆ. ನನ್ನ ಕ್ಲಾಸಿನಲ್ಲಿ ಐವತ್ತೆರಡು ಮಕ್ಕಳಿದ್ದಾರೆ, ಆದರೆ ನಾನು ಬರೆದ ಮೊದಲ ಹೆಸರು ಭಾಗ್ಯ. ಆ ಹೆಸರಿನ ಮಗು ನನ್ನ ಕ್ಲಾಸಿನಲ್ಲಿಲ್ಲ. ಭಾಗ್ಯ ನನ್ನ ಅಕ್ಕ, ಈಗ ಅವಳಿಗೆ ಐವತ್ತರ ಹತ್ತಿರ ವಯಸ್ಸು. ಯಾವ ಮನೆಗೆ ಹಾಕುವುದು ಅಂತ ತಿಳಿಯದೆ ಪೆನ್ನು ಹಿಡಿದುಕೊಂಡು ಕೂತುಬಿಟ್ಟೆ. ಊಟದ ಬೆಲ್ಲು ಹೊಡೆದಾಗ ಹಾಳೆಯ ಮೇಲೆ ಆ ಒಂದೇ ಹೆಸರಿತ್ತು.

ನಮ್ಮದು ಮದ್ದೂರು ತಾಲ್ಲೂಕು, ಬೆಸಗರಹಳ್ಳಿ ಕಡೆ ಹೋಗುವ ಬಸ್ಸಿನಲ್ಲಿ ಇಳಿದು ಒಂದೂವರೆ ಮೈಲಿ ಒಳಗೆ ನಡೆಯಬೇಕಾದ ಊರು. ನಾಡಹಂಚಿನ ಮನೆ, ಅದರ ಬೆನ್ನಿಗೆ ಒರಗಿಕೊಂಡು ಉದ್ದದ ಹುಳದ ಮನೆ. ನಾವು ಇರುವ ಮನೆಗಿಂತ ಹುಳ ಇರುವ ಮನೆ ದೊಡ್ಡದು. ಅಲ್ಲಿ ಬೇಸಿಗೆಯಲ್ಲೂ ತಂಪು, ಚಳಿಗಾಲದಲ್ಲಿ ಕೆಂಡದ ಬಾಂಡ್ಲಿ ಇಟ್ಟು ಬೆಚ್ಚಗೆ ಮಾಡುತ್ತಿದ್ದರು, ಮನೆಯಲ್ಲಿ ಒಂದೇ ಒಂದು ಟ್ಯೂಬ್‌ಲೈಟು ಇದ್ದದ್ದೂ ಅಲ್ಲೇ. ಎರಡು ಗೋಡೆಗೂ ಬೊಂಬಿನ ಸ್ಟ್ಯಾಂಡುಗಳು, ಒಂದರ ಮೇಲೊಂದು ದೊಡ್ಡ ದೊಡ್ಡ ಬಿದಿರಿನ ತಟ್ಟೆ, ತಟ್ಟೆಯ ತುಂಬ ಹುಳ. ಇರುವೆ ಹತ್ತದ ಹಾಗೆ ಸ್ಟ್ಯಾಂಡಿನ ಕಾಲುಗಳನ್ನು ನೀರಿನ ಬಟ್ಟಲಲ್ಲಿ ನಿಲ್ಲಿಸಿರುತ್ತಿದ್ದರು. ಹುಳ ದೊಡ್ಡವಾದ ಮೇಲೆ ಅವು ಸೊಪ್ಪು ತಿನ್ನುವ ಸದ್ದು ಅಂಗಳದ ತನಕ ಕೇಳುತ್ತಿತ್ತು. ಮಳೆ ಬಂದ ಹಾಗೆ ಅಂತ ಎಲ್ಲರೂ ಹೇಳುತ್ತಾರೆ, ನನಗೇನೋ ಯಾರೋ ತೆಂಗಿನ ಗರಿಯನ್ನು ನೆಲದ ಮೇಲೆ ನಿಧಾನಕ್ಕೆ ಎಳೆದುಕೊಂಡು ಹೋದ ಹಾಗೆ ಕೇಳುತ್ತಿತ್ತು. ಹಸಿ ಹಿಪ್ಪುನೇರಳೆ ಸೊಪ್ಪಿನ ವಾಸನೆ, ಹಿಕ್ಕೆಯ ವಾಸನೆ, ಕೆಂಡದ ವಾಸನೆ. ಆ ಮನೆ ಈಗಿಲ್ಲ. ಅಪ್ಪ ಅವ್ವ ಹೋದ ಮೇಲೆ ಚಿಕ್ಕಪ್ಪನ ಮಗ ಅದನ್ನು ಕೆಡವಿ ಎರಡಂತಸ್ತಿನ ಆರ್‌ಸಿಸಿ ಕಟ್ಟಿಸಿದ್ದಾನೆ. ಒಳ್ಳೆ ಮನೆಯೇ. ಹುಳದ ಮನೆ ಇದ್ದ ಕಡೆ ಕಾರು ನಿಲ್ಲಿಸುತ್ತಾನೆ.

ಆ ಮನೆಯ ಯಜಮಾನಿ ಅಂದರೆ ನಮ್ಮಜ್ಜಿ, ಅಪ್ಪನ ತಾಯಿ. ಹುಳದ ವಿಷಯಕ್ಕೆ ಅವಳದು ನೂರೆಂಟು ಕಟ್ಟಳೆ. ಒಗ್ಗರಣೆ ಹೊಗೆ ಆ ಕಡೆ ಹೋಗಕೂಡದು, ಬೀಡಿ ಸೇದಿದವರು ಬರಕೂಡದು, ಹೊರಗಿನವರ ಕಣ್ಣು ಬೀಳಕೂಡದು. ಇವೆಲ್ಲ ಎಲ್ಲರ ಮನೆಯಲ್ಲೂ ಇದ್ದವು ಬಿಡಿ. ನಮ್ಮಜ್ಜಿಯದೇ ಅಂತ ಒಂದಿತ್ತು. ಸೊಪ್ಪು ಹಾಕುವ ಹೊತ್ತಿನಲ್ಲಿ ಹುಳದ ಮನೆ ಮೂಕವಾಗಿರಬಾರದು, ಬಾಯಿಲ್ಲದ ಜೀವಕ್ಕೆ ಮನುಷ್ಯರ ದನಿ ಕೇಳುತ್ತಿರಬೇಕು, ಇಲ್ಲದಿದ್ದರೆ ಮೇವು ಬಿಡುತ್ತವೆ ಅನ್ನುತ್ತಿದ್ದಳು. ಅದಕ್ಕೇ ಅಂತ ಮೊದಲು ಅಲ್ಲೊಂದು ರೇಡಿಯೋ ಇತ್ತು. ಅದು ಕೆಟ್ಟಿತು, ರಿಪೇರಿಗೆ ಅಂತ ಮದ್ದೂರಿಗೆ ಹೋದದ್ದು ವಾಪಸು ಬರಲಿಲ್ಲ. ಆಗ ನನ್ನ ಸರದಿ ಬಂತು. ಸಂಜೆಯ ಸೊಪ್ಪಿನ ಹೊತ್ತಿಗೆ ನಾನು ಕುಕ್ಕೆ ಬೋರಲು ಹಾಕಿ ಅದರ ಮೇಲೆ ಕೂತು ಪಾಠದ ಪುಸ್ತಕವನ್ನು ಗಟ್ಟಿಯಾಗಿ ಓದಬೇಕು. ಕೈಗೆ ಕೆಲಸ ಇಲ್ಲ, ಬಾಯಿಗೆ ಮಾತ್ರ. ನಾನು ಮನೆಯ ಕಿರಿಯವಳು, ಮುದ್ದಿನವಳು, ನನ್ನಿಂದ ಯಾರೂ ಸೊಪ್ಪು ಕೊಯ್ಯಿಸುತ್ತಿರಲಿಲ್ಲ. ಸೊಪ್ಪು ಕತ್ತರಿಸುವುದು, ತಟ್ಟೆ ತೆಗೆದು ಹಾಕುವುದು, ಹಿಕ್ಕೆ ಬಳಿಯುವುದು ಅವ್ವನದು ಮತ್ತು ಅಕ್ಕನದು.

ಅಕ್ಕ ನನಗಿಂತ ಎರಡು ವರ್ಷಕ್ಕೆ ದೊಡ್ಡವಳು, ಆದರೆ ನಾವಿಬ್ಬರೂ ಒಂದೇ ಕ್ಲಾಸು. ಯಾಕೆ ಅಂದರೆ ಅವಳಿಗೆ ಸ್ಕೂಲಿನ ವಯಸ್ಸಾದಾಗ ನಾನಿನ್ನೂ ಚಿಕ್ಕವಳು, ನನ್ನನ್ನು ನೋಡಿಕೊಳ್ಳಲು ಮನೆಯಲ್ಲಿ ಒಬ್ಬರು ಬೇಕಿತ್ತು, ಅದಕ್ಕೆ ಅವಳನ್ನು ಸ್ಕೂಲಿಗೆ ಸೇರಿಸದೆ ಇಟ್ಟುಕೊಂಡರು. ನನಗೂ ಸ್ಕೂಲಿಗೆ ಸೇರುವ ವಯಸ್ಸಾದ ಮೇಲೆ ಇಬ್ಬರನ್ನೂ ಒಂದೇ ದಿನ ಕರೆದುಕೊಂಡು ಹೋಗಿ ಒಂದೇ ಬೆಂಚಿನಲ್ಲಿ ಕೂರಿಸಿ ಬಂದರು. ಪುಸ್ತಕವೂ ಇಬ್ಬರಿಗೆ ಒಂದೇ ಸೆಟ್ಟು, ಅದು ನನ್ನ ಚೀಲದಲ್ಲಿ ಇರುತ್ತಿತ್ತು. ಅಕ್ಕನಿಗೆ ಓದಲು ಬರುತ್ತಿರಲಿಲ್ಲ ಅಂತಲ್ಲ, ಬರುತ್ತಿತ್ತು, ಆದರೆ ಬೆರಳಿಟ್ಟು ಅಕ್ಷರ ಅಕ್ಷರವಾಗಿ ಓದುತ್ತಿದ್ದಳು. ಸಾಲಿನ ಕೊನೆಗೆ ಬರುವಷ್ಟರಲ್ಲಿ ಸಾಲಿನ ಮೊದಲು ಮರೆತಿರುತ್ತಿತ್ತು. ಹಣೆ ಹಿಸುಕಿಕೊಂಡು ಪುಸ್ತಕ ಕೆಳಗಿಡುತ್ತಿದ್ದಳು. ಹಾಗಿದ್ದರೂ ಅವಳು ಪ್ರತಿ ವರ್ಷ ಪಾಸಾಗುತ್ತಿದ್ದಳು. ಹೇಗೆ ಅಂತ ಮನೆಯಲ್ಲಿ ಯಾರೂ ಕೇಳಲಿಲ್ಲ. ಸ್ಕೂಲಿನಲ್ಲೇ ಏನೋ ತಲೆಗೆ ಹಾಕಿಕೊಂಡು ಬರುತ್ತಾಳೆ ಅಂದುಕೊಂಡಿದ್ದರು. ಹುಳಕ್ಕೆ ಸೊಪ್ಪು ಕತ್ತರಿಸುತ್ತಾ ಕೂತವಳ ಕಡೆ ಯಾರು ನೋಡುತ್ತಾರೆ ಹೇಳಿ. ನಾನು ಓದುವಾಗ ಅವಳ ಕತ್ತಿ ಟಕಟಕ ಅಂತ ಒಂದೇ ಸಮ ಆಡುತ್ತಿತ್ತು, ತಲೆ ಎತ್ತುತ್ತಿರಲಿಲ್ಲ. ನಾನು ಎಲ್ಲಾದರೂ ತಪ್ಪು ಓದಿದರೆ, ಪುಸ್ತಕ ನೋಡದೆಯೇ, ನಿನ್ನೆ ಹಂಗೆ ಇರ್ಲಿಲ್ಲ ಕಣೆ ಅನ್ನುತ್ತಿದ್ದಳು. ತಿರುಗಿ ನೋಡಿದರೆ ಅವಳು ಹೇಳಿದ್ದೇ ಸರಿ ಇರುತ್ತಿತ್ತು.

ಇನ್ನೊಂದು ವಿಚಿತ್ರ. ರೇಷ್ಮೆಹುಳ ನಾಲ್ಕು ಸಲ ಪೊರೆ ಕಳಚುತ್ತವೆ, ಆಗ ಒಂದು ದಿನ ತಲೆಯೆತ್ತಿ ಅಲ್ಲಾಡದೆ ಕೂತಿರುತ್ತವೆ. ನಮ್ಮ ಕಡೆ ಅದಕ್ಕೆ ಜ್ವರಕ್ಕೆ ಕೂತವೆ ಅನ್ನುತ್ತೇವೆ. ಆ ದಿನ ಸೊಪ್ಪು ಹಾಕುವಂತಿಲ್ಲ, ಅಕ್ಕನಿಗೆ ಬಿಡುವು. ಅಂಥ ಸಂಜೆ ಅವಳು ನನ್ನ ಪಕ್ಕ ಬಂದು ಕೈಕಟ್ಟಿ ಕೂತು ಕೇಳುತ್ತಿದ್ದಳು, ಅರ್ಧ ಪುಟಕ್ಕೆ ತೂಕಡಿಸುತ್ತಿದ್ದಳು. ಮಾರನೆಯ ದಿನ ಆ ಪಾಠ ಕೇಳಿದರೆ ಒಂದಕ್ಷರ ಬಾರದು. ಕೈ ಆಡುತ್ತಿದ್ದರೆ ಮಾತ್ರ ಅವಳ ಕಿವಿ ತೆರೆದಿರುತ್ತಿತ್ತು. ಇದು ಅವಳಿಗೂ ಗೊತ್ತಿರಲಿಲ್ಲ. ನಾನು ಕುಕ್ಕೆಯ ಮೇಲೆ ಕೂತು ನೋಡಿ ನೋಡಿ ತಿಳಿದುಕೊಂಡದ್ದು.

ಒಂಬತ್ತನೆಯ ಕ್ಲಾಸಿನಲ್ಲಿ ಒಂದು ಸಲ ಇದು ಮೇಷ್ಟ್ರ ಕಣ್ಣಿಗೂ ಬಿತ್ತು. ಸಮಾಜ ವಿಜ್ಞಾನದ ಪರೀಕ್ಷೆಯಲ್ಲಿ ನಮ್ಮಿಬ್ಬರ ಉತ್ತರವೂ ಪುಸ್ತಕದಲ್ಲಿದ್ದ ಹಾಗೇ ಇತ್ತು. ಅಕ್ಕ ನನ್ನದು ನೋಡಿ ಬರೆದಿದ್ದಾಳೆ ಅಂತ ಅವರು ಅವಳನ್ನು ಎಬ್ಬಿಸಿ ನಿಲ್ಲಿಸಿದರು. ನಾವು ಕೂತಿದ್ದದ್ದು ಬೇರೆ ಬೇರೆ ಕೋಣೆಯಲ್ಲಿ ಅಂತ ಯಾರೋ ಹೇಳಿದ ಮೇಲೆ, ಹಾಗಾದರೆ ಬಾಯಲ್ಲಿ ಹೇಳು ನೋಡೋಣ ಅಂದರು. ಅಕ್ಕ ಕೈಯಲ್ಲಿ ಲಂಗದ ಅಂಚನ್ನು ಮಡಿಚುತ್ತಾ ಬಿಚ್ಚುತ್ತಾ ಇಡೀ ಪಾಠ ಹೇಳಿದಳು. ಆ ಪಾಠ ಓದಿದ ಸಂಜೆ ನಾನು ಸೊಳ್ಳೆ ಹೊಡೆಯಲು ಎಲ್ಲೆಲ್ಲಿ ನಿಲ್ಲಿಸಿದ್ದೆನೋ ಅಲ್ಲಲ್ಲೇ ಅವಳೂ ನಿಲ್ಲಿಸಿದಳು, ನನಗೆ ನಗು ತಡೆಯಲಾಗಲಿಲ್ಲ. ಮೇಷ್ಟ್ರೂ ನಕ್ಕರು. ಟೇಪ್ ರೆಕಾರ್ಡರು ಕಣಮ್ಮ ನೀನು, ಇದು ಕಲಿಕೆ ಅಲ್ಲ ಅಂದರು. ಅವರು ಕೆಟ್ಟವರಲ್ಲ, ತಮಾಷೆಗೆ ಅಂದದ್ದು. ಅವತ್ತಿನಿಂದ ಕ್ಲಾಸಿನಲ್ಲಿ ಅವಳಿಗೆ ಟೇಪು ಅಂತಲೇ ಹೆಸರು. ದಾರಿಯಲ್ಲಿ ಬರುತ್ತಾ ಅಕ್ಕ ಕೇಳಿದಳು, ಕಲಿಕೆ ಅಂದ್ರೆ ಇನ್ಯಾವ್ದೇ ಅಂತ. ನನಗೇನು ಗೊತ್ತು, ಪುಸ್ತಕ ಓದೋದು ಅಂದೆ.

ಹತ್ತನೆಯ ಕ್ಲಾಸಿಗೆ ಬಂದೆವು. ಅಪ್ಪ ಒಂದು ಮಾತು ಹೇಳಿದ್ದ. ಇಬ್ಬರೂ ಪಾಸು ಮಾಡಿದರೆ ಇಬ್ಬರನ್ನೂ ಕಾಲೇಜಿಗೆ ಕಳಿಸುತ್ತೇನೆ, ಫೇಲಾದವಳು ಹುಳದ ಮನೆಗೆ. ನಮ್ಮೂರಿನಲ್ಲಿ ಆಗ ಹೆಣ್ಣುಮಕ್ಕಳಿಗೆ ಇಷ್ಟು ಹೇಳುವ ಅಪ್ಪಂದಿರು ಕಡಿಮೆ. ಅಕ್ಕನಿಗೆ ಮಾತ್ರ ಆ ಮಾತು ನಮ್ಮ ಯಾರಿಗಿಂತಲೂ ಜಾಸ್ತಿ ನಾಟಿತ್ತು. ಅವಳಿಗೆ ಟೀಚರಾಗಬೇಕಿತ್ತು. ಯಾರಿಗೂ ಹೇಳಿರಲಿಲ್ಲ, ನನಗೆ ಮಾತ್ರ ಹೇಳಿದ್ದಳು, ಅದೂ ಒಂದೇ ಸಲ, ಕಾಲುವೆ ದಂಡೆಯ ಮೇಲೆ ಬರುವಾಗ. ಅರ್ಧ ವಾರ್ಷಿಕ ಪರೀಕ್ಷೆ ಬಂತು. ಸಮಾಜದಲ್ಲಿ ನನಗೆ ಐವತ್ತೆಂಟು, ಅಕ್ಕನಿಗೆ ಎಪ್ಪತ್ತೊಂದು. ವಿಜ್ಞಾನದಲ್ಲೂ ಅವಳೇ ಮುಂದೆ. ಅಪ್ಪ ಸಂತೋಷದಲ್ಲಿ, ಪುಸ್ತಕ ಮುಟ್ಟದೋಳು ಓದೋಳ್ಗಿಂತ ಜಾಸ್ತಿ ತಗಂಡವಳಲ್ಲ ಅಂತ ಜಗಲಿಯ ಮೇಲೆ ಕೂತವರಿಗೆಲ್ಲ ಹೇಳಿ ನಕ್ಕ. ಎಲ್ಲರೂ ನಕ್ಕರು. ನನಗೆ ಹೊಟ್ಟೆಕಿಚ್ಚಾಯಿತು. ಬೇರೆ ಹೆಸರು ಕೊಟ್ಟು ಸುತ್ತಿ ಬಳಸಿ ಹೇಳುವುದೇನಿದೆ, ಹೊಟ್ಟೆಕಿಚ್ಚೇ. ಗಂಟಲು ಹರಿದುಕೊಂಡು ಓದುವವಳು ನಾನು, ನಂಬರು ಅವಳಿಗೆ.

ಒಂದು ಸಂಜೆ ಬೇಕೆಂದೇ ಒಂದು ಕೆಲಸ ಮಾಡಿದೆ. ಪಾಠ ಓದುವಾಗ ನಡುವಿನ ಎರಡು ಪ್ಯಾರಾ ಹಾರಿಸಿ ಓದಿದೆ. ಮಾರನೆಯ ವಾರದ ಕಿರು ಪರೀಕ್ಷೆಯಲ್ಲಿ ಅಕ್ಕ ಎಲ್ಲ ಬರೆದಿದ್ದಳು, ಆ ಎರಡು ಪ್ಯಾರಾದ ಉತ್ತರ ಮಾತ್ರ ಖಾಲಿ. ಅಂದರೆ ನನ್ನ ಬಾಯಿಯೇ ಅವಳ ಪುಸ್ತಕ. ಅದು ನನಗೆ ಅವತ್ತು ಖಚಿತವಾಯಿತು. ಹದಿನೈದು ವರ್ಷದ ಹುಡುಗಿಗೆ ಅಷ್ಟು ಬುದ್ಧಿ ಎಲ್ಲಿಂದ ಬಂತೋ. ಆ ಬುದ್ಧಿಯನ್ನು ಒಳ್ಳೆಯದಕ್ಕೆ ಬಳಸಬಹುದಿತ್ತು.

ಅದೇ ಹೊತ್ತಿಗೆ ಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು, ಬಾಯಿ ಬಿಟ್ಟು ಓದುವವರು ಗಿಣಿಗಳು, ತುಟಿ ಅಲ್ಲಾಡದ ಹಾಗೆ ಮನಸ್ಸಿನಲ್ಲಿ ಓದಬೇಕು, ಆಗ ತಲೆಗೆ ಇಳಿಯುತ್ತದೆ ಅಂತ ಎಲ್ಲರಿಗೂ ಹೇಳಿದರು. ನನಗೆ ಅಷ್ಟೇ ಸಾಕಾಯಿತು. ಅವತ್ತು ಸಂಜೆ ಕುಕ್ಕೆಯ ಮೇಲೆ ಕೂತೆ, ಪುಸ್ತಕ ತೆಗೆದೆ, ಬಾಯಿ ಮುಚ್ಚಿದೆ. ಹುಳದ ಮನೆಯಲ್ಲಿ ಹುಳ ತಿನ್ನುವ ಸದ್ದು, ಅಕ್ಕನ ಕತ್ತಿಯ ಸದ್ದು, ಇಷ್ಟೇ. ಅಜ್ಜಿ ಬಾಗಿಲಲ್ಲಿ ನಿಂತು ಗೊಣಗಿದಳು. ಮೇಷ್ಟ್ರು ಹಿಂಗೇ ಓದಬೇಕು ಅಂದಿದ್ದಾರೆ ಅಂತ ನಾನಂದೆ. ಅಪ್ಪ, ಮೇಷ್ಟ್ರು ಅಂದಮೇಲೆ ಮುಗೀತು, ನೀನು ಸುಮ್ನಿರವ್ವ ಅಂತ ಅಜ್ಜಿಯನ್ನೇ ಗದರಿದ. ಪಾಪ, ಅಜ್ಜಿ ಆಮೇಲೆ ತಾನೇ ಬಂದು ಮೂಲೆಯಲ್ಲಿ ಕೂತು ಹುಳದ ಜೊತೆ ಅದೂ ಇದೂ ಮಾತಾಡತೊಡಗಿದಳು.

ಅಕ್ಕ ಮೊದಲ ಎರಡು ಮೂರು ದಿನ ನನ್ನ ಗಂಟಲು ಕಟ್ಟಿದೆ ಅಂದುಕೊಂಡಳೋ ಏನೋ, ಒಂದು ದಿನ ಮೆಣಸು ಜೀರಿಗೆ ಕುದಿಸಿ ತಂದುಕೊಟ್ಟಳು. ಕುಡಿದೆ. ನಾಲ್ಕನೆಯ ದಿನವೋ ಐದನೆಯ ದಿನವೋ, ತಟ್ಟೆ ಎತ್ತುತ್ತಿದ್ದವಳು ಹಾಗೇ ನಿಂತು ನನ್ನ ಕಡೆ ನೋಡಿದಳು.

“ವಸಿ ಜೋರಾಗ್ ಓದೇ ಸುದಾ. ನಂಗೂ ಕೇಳಲಿ.”

“ನಾನು ಓದ್ತಿರೋದು ನಂಗೆ ಕಣಕ್ಕ. ನಿಂಗೆ ಬೇಕಾದ್ರೆ ಪುಸ್ತಕ ತಗೊಂಡು ಓದ್ಕೋ.”

ಅಷ್ಟೇ ನಡೆದದ್ದು. ಜಗಳವಿಲ್ಲ, ಕೂಗಾಟವಿಲ್ಲ. ಅವಳು ಹೂಂ ಅಂದು ತಟ್ಟೆಯನ್ನು ಸ್ಟ್ಯಾಂಡಿಗೆ ಸೇರಿಸಿದಳು, ಮತ್ತೆ ಯಾವತ್ತೂ ಕೇಳಲಿಲ್ಲ. ನಾನು ಪುಸ್ತಕ ಕೊಟ್ಟೆ, ಕೊಡಲಿಲ್ಲ ಅಂತ ಯಾರೂ ನನ್ನ ಮೇಲೆ ಹೇಳುವಂತಿಲ್ಲ. ಸ್ಕೂಲಿನಿಂದ ಬಂದು ಸೊಪ್ಪು ಹೊತ್ತು ತಂದು ಹಾಕಿದ ಮೇಲೆ ಸಿಗುವ ಅರ್ಧ ಗಂಟೆಯಲ್ಲಿ ಅವಳು ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಬೆರಳಿಟ್ಟು ಓದುತ್ತಿದ್ದಳು. ಬೆರಳಿಗೆ ಸೊಪ್ಪಿನ ಕರೆ ಹತ್ತಿರುತ್ತಿತ್ತು, ಪುಟಗಳ ಮೇಲೆಲ್ಲ ಹಸಿರು ಕಪ್ಪು ಕಲೆ. ಪುಸ್ತಕ ಹಾಳು ಮಾಡ್ತೀಯ ಅಂತ ಅದಕ್ಕೂ ರೇಗಿದೆ. ದಿನಕ್ಕೆ ಒಂದು ಪುಟವೂ ಸಾಗುತ್ತಿರಲಿಲ್ಲ. ನಾನು ಅದನ್ನೆಲ್ಲ ನೋಡುತ್ತಿದ್ದೆ. ಒಂದೆರಡು ಸಲ ಬಾಯಿವರೆಗೂ ಬಂತು, ಗಟ್ಟಿಯಾಗಿ ಓದಿಬಿಡೋಣ, ಏನಾಗುತ್ತೆ ಅಂತ. ಓದಲಿಲ್ಲ. ಹಾಗೆ ಕಾರ್ತೀಕ ಕಳೆಯಿತು, ಸಂಕ್ರಾಂತಿ ಕಳೆಯಿತು, ಎರಡು ಬೆಳೆ ಹುಳ ಹಣ್ಣಾಗಿ ಗೂಡು ಕಟ್ಟಿದವು. ಇನ್ನೊಂದು ಮಾತು ಹೇಳಿಬಿಡುತ್ತೇನೆ. ಮನಸ್ಸಿನಲ್ಲಿ ಓದುವುದು ನನಗೂ ಒಗ್ಗಲಿಲ್ಲ. ಕಣ್ಣು ಸಾಲಿನ ಮೇಲೆ ಓಡುತ್ತಿತ್ತು, ತಲೆ ಎಲ್ಲೋ ಇರುತ್ತಿತ್ತು. ಗೊತ್ತಾದರೂ ಹಟಕ್ಕೆ ಬಿದ್ದು ಬಾಯಿ ಮುಚ್ಚಿಕೊಂಡೇ ಇದ್ದೆ.

ಪರೀಕ್ಷೆ ಆಯಿತು. ರಿಸಲ್ಟಿನ ದಿನ ಸ್ಕೂಲಿನ ಗೋಡೆಗೆ ಹಾಳೆ ಅಂಟಿಸಿದ್ದರು. ನನಗೆ ಸೆಕೆಂಡ್ ಕ್ಲಾಸು. ಅಕ್ಕ ಕನ್ನಡ, ಇಂಗ್ಲಿಷು, ಹಿಂದಿ, ಲೆಕ್ಕ ಎಲ್ಲದರಲ್ಲೂ ಹೇಗೋ ದಾಟಿಕೊಂಡಿದ್ದಳು. ಹೋಗಿದ್ದದ್ದು ಎರಡೇ, ಸಮಾಜ ಮತ್ತು ವಿಜ್ಞಾನ. ನಾನು ಸಂಜೆ ಹೊತ್ತು ಓದುತ್ತಿದ್ದ ಎರಡು ಪುಸ್ತಕ. ಅಕ್ಕ ನಂಬರಿನ ಮೇಲೆ ಬೆರಳಿಟ್ಟುಕೊಂಡು ಎರಡು ಸಲ ನೋಡಿದಳು, ಆಮೇಲೆ ನನ್ನ ನಂಬರು ಹುಡುಕಿ, ನೀನು ಪಾಸು ಕಣೆ ಅಂದಳು. ನನಗೆ ಏನೂ ಅನ್ನಿಸಲಿಲ್ಲ. ನಿಜ ಹೇಳುತ್ತೇನೆ, ಖುಷಿಯೂ ಇಲ್ಲ, ಸಂಕಟವೂ ಇಲ್ಲ. ಕೂತು ಕೂತು ಕಾಲು ಜೋಮು ಹಿಡಿದಾಗ ಚಿವುಟಿದರೂ ಗೊತ್ತಾಗುವುದಿಲ್ಲವಲ್ಲ, ಹಾಗಿತ್ತು. ಆ ಜೋಮು ಒಂದು ದಿನಕ್ಕೋ ಎರಡು ದಿನಕ್ಕೋ ಬಿಡುತ್ತದೆ ಅಂದುಕೊಂಡಿದ್ದೆ.

ಅಪ್ಪ ಒಳ್ಳೆಯವನು. ಹೇಳಿದ ಮಾತಿಗೇ ಅಂಟಿಕೊಂಡು ಕೂರಲಿಲ್ಲ. ರಿಸಲ್ಟು ಬಂದ ನಾಲ್ಕು ದಿನಕ್ಕೆ ಅಂಗಳದಲ್ಲಿ ಅಕ್ಕನನ್ನು ಕೂರಿಸಿಕೊಂಡು, ಎರಡೇ ತಾನೆ ಹೋಗಿರೋದು, ಸೆಪ್ಟೆಂಬರಿಗೆ ಮತ್ತೆ ಕಟ್ಟು ಅಂದ. ನಾನು ಅಲ್ಲೇ ಕಂಬ ಒರಗಿಕೊಂಡು ನಿಂತಿದ್ದೆ. ಅವ್ವ ಅಕ್ಕಿ ಕೇರುತ್ತಿದ್ದಳು. ಅಕ್ಕ ತಲೆ ಎತ್ತಲಿಲ್ಲ.

“ಬ್ಯಾಡ ಬುಡಪ್ಪ. ಮೊದ್ಲೂ ಟೇಪಿನಂಗೆ ಒದರ್ತಿದ್ದೆ, ಪಬ್ಲಿಕ್ ಪರೀಕ್ಸೇಲಿ ನಿಜ ಗೊತ್ತಾಯ್ತು. ನನ್ ತಲೆಗೆ ಅತ್ತಾಕಿಲ್ಲ.”

ಅಪ್ಪ ನನ್ನ ಕಡೆ ತಿರುಗಿ, ನೀನೇನಂತೀಯವ್ವ, ನೀನು ಜೊತೆಲಿ ಓದಿದೋಳು ಅಂತ ಕೇಳಿದ. ಇಡೀ ಮನೆ ನನ್ನನ್ನು ಕೇಳಿದ ಹಾಗಿತ್ತು. ಒಂದು ಮಾತು ಸಾಕಿತ್ತು. ಅವಳ ತಲೆ ಚೆನ್ನಾಗಿದೆ, ನಾನು ಓದಿ ಹೇಳುವುದನ್ನು ನಿಲ್ಲಿಸಿದ್ದಕ್ಕೆ ಹೀಗಾಯಿತು, ನಾಳೆಯಿಂದ ಮತ್ತೆ ಓದುತ್ತೇನೆ, ಕಟ್ಟಿಸು ಅನ್ನಬಹುದಿತ್ತು. ನಾನು, ಅವಳಿಷ್ಟ ಅಂದೆ. ಅಪ್ಪ ಎದ್ದು ತೋಟದ ಕಡೆ ಹೋದ. ಅವ್ವ, ಹೋಗ್ಲಿ, ಹುಳಕ್ಕಾದ್ರೂ ಒಂದು ಕೈ ಆಗುತ್ತೆ ಅಂದಳು. ಅದಾದ ಮೇಲೆ ನಮ್ಮ ಮನೆಯಲ್ಲಿ ಯಾರೂ ಆ ವಿಷಯ ಎತ್ತಲಿಲ್ಲ. ಅಕ್ಕ ದಡ್ಡಿ, ಸುಧಾ ಜಾಣೆ ಅಂತ ತೀರ್ಮಾನವಾಗಿಹೋಯಿತು, ನೆಂಟರಿಷ್ಟರಿಗೂ ಹಾಗೇ ಹೇಳಿದರು, ನೆಂಟರೂ ಹಾಗೇ ನಂಬಿದರು.

ನಾನು ಮಂಡ್ಯದಲ್ಲಿ ಕಾಲೇಜು ಓದಿದೆ, ಬಿ.ಎಡ್. ಮಾಡಿದೆ, ಕೆಲಸ ಸಿಕ್ಕಿತು. ಮೊದಲ ಪೋಸ್ಟಿಂಗು ಕೊತ್ತತ್ತಿ ಕಡೆ. ಪಾಠ ಮಾಡುವುದು ಸಮಾಜ ವಿಜ್ಞಾನ, ನೋಡಿ. ಅಕ್ಕನನ್ನು ಮಳವಳ್ಳಿ ತಾಲ್ಲೂಕಿಗೆ ಕೊಟ್ಟರು, ಶಿವನಸಮುದ್ರಕ್ಕೆ ಹೋಗುವ ದಾರಿಯಲ್ಲಿ ಒಂದು ಊರು. ಭಾವ ಒಳ್ಳೆ ಮನುಷ್ಯ, ಒಬ್ಬ ಮಗ. ಅವರ ಊರಿಗೆ ಅಂಗನವಾಡಿ ಬಂದಾಗ ಟೀಚರಿಗೆ ಹತ್ತನೆಯದು ಪಾಸಾಗಿರಬೇಕು ಅಂದರು. ಅಕ್ಕ ಸಹಾಯಕಿಯಾಗಿ ಸೇರಿಕೊಂಡಳು. ಇಪ್ಪತ್ತು ವರ್ಷವಾಯಿತು, ಮಕ್ಕಳ ಮೂಗು ಒರೆಸುತ್ತಾಳೆ, ಉಪ್ಪಿಟ್ಟು ಬೇಯಿಸುತ್ತಾಳೆ, ಮೂರು ಜನ ಟೀಚರುಗಳು ಅವಳ ಕಣ್ಣೆದುರೇ ಬಂದು ಹೋದರು. ಅಜ್ಜಿ ಸತ್ತಳು, ಅಪ್ಪ ಸತ್ತ, ಅವ್ವ ಸತ್ತಳು. ಮೂರು ಸಲವೂ ನನಗೆ ಅಳು ಬರಲಿಲ್ಲ. ಜನ ಏನಂದುಕೊಳ್ಳುತ್ತಾರೋ ಅಂತ ಸೆರಗು ಮುಖಕ್ಕೆ ಹಾಕಿಕೊಂಡು ಕೂತಿದ್ದೆ. ಮನೆ ಕೆಡವಿದ ದಿನವೂ ಹೋಗಿ ನಿಂತು ನೋಡಿದೆ, ಹಂಚು ಇಳಿಸಿ ಸಾಲಾಗಿ ಜೋಡಿಸುತ್ತಿದ್ದರು, ನೋಡಿ ಕಾಫಿ ಕುಡಿದು ಬಂದೆ. ಆಗ ಹಿಡಿದ ಜೋಮು ಬಿಟ್ಟೇ ಇರಲಿಲ್ಲ. ಕ್ಲಾಸಿನಲ್ಲಿ ಮಾತ್ರ ನಾನು ಮಕ್ಕಳಿಗೆ ಬಾಯಿ ಮುಚ್ಚಿ ಓದಿ ಅಂತ ಯಾವತ್ತೂ ಹೇಳಿಲ್ಲ. ಗಲಾಟೆ ಆಗುತ್ತೆ ಅಂತ ಹೆಡ್‌ಮೇಷ್ಟ್ರು ಬೈದರೂ ಹೇಳಿಲ್ಲ.

ತರಬೇತಿ ಮುಗಿದ ಭಾನುವಾರ ಮಂಡ್ಯದಿಂದ ಮಳವಳ್ಳಿ ಬಸ್ಸು ಹತ್ತಿದೆ, ಅಲ್ಲಿಂದ ಇನ್ನೊಂದು ಬಸ್ಸು. ಮೊದಲೇ ಫೋನು ಮಾಡಿರಲಿಲ್ಲ. ಅಕ್ಕ ನನ್ನನ್ನು ನೋಡಿ ಗಾಬರಿಯಾದಳು, ಏನಾಯ್ತು, ಯಾರ್ಗೇನಾಯ್ತು ಅಂತ ಎರಡು ಸಲ ಕೇಳಿದಳು. ಏನೂ ಇಲ್ಲ, ನೋಡಿ ಹೋಗೋಣ ಅಂತ ಬಂದೆ ಅಂದೆ. ಅವಳು ನಂಬಲಿಲ್ಲ. ನಾಟಿಕೋಳಿ ಸಾರು ಮಾಡಿದಳು, ಮುದ್ದೆ ಮಾಡಿದಳು, ನಾನು ಉಂಡೆ. ಭಾವ ಸೊಸೈಟಿ ಎಲೆಕ್ಷನ್ನಿನ ಕತೆ ಹೇಳಿದರು, ಕೇಳಿದೆ. ಹೇಳಬೇಕಾದ್ದನ್ನು ಹೇಳಲು ಹೊರಟಾಗೆಲ್ಲ ಯಾರಾದರೂ ಬರುತ್ತಿದ್ದರು, ಇಲ್ಲ ನನಗೇ ಬಾಯಿ ಬರುತ್ತಿರಲಿಲ್ಲ. ನಾಲ್ಕು ಗಂಟೆ ಬಸ್ಸಿಗೆ ಅಂತ ಎದ್ದೆ. ಅಕ್ಕ ಬಸ್‌ಸ್ಟಾಪಿನವರೆಗೂ ಬಂದಳು. ಅರಳಿಮರದ ಕೆಳಗೆ ಕಲ್ಲು ಬೆಂಚು, ಯಾರೂ ಇರಲಿಲ್ಲ. ಬಸ್ಸು ಬರಲು ಇನ್ನೂ ಹೊತ್ತಿತ್ತು. ಕೂತೆವು.

ಅಲ್ಲಿ ಹೇಳಿದೆ. ಅರ್ಧ ವಾರ್ಷಿಕದ ನಂಬರಿನಿಂದ ಹಿಡಿದು ಎಲ್ಲ. ಹೊಟ್ಟೆಕಿಚ್ಚು ಬಂದದ್ದು, ಎರಡು ಪ್ಯಾರಾ ಹಾರಿಸಿ ಪರೀಕ್ಷೆ ಮಾಡಿದ್ದು, ಅವಳಿಗೆ ಅದು ಬರಲಿಲ್ಲ ಅಂತ ಕಂಡುಕೊಂಡದ್ದು, ಗೊತ್ತಿದ್ದೂ ಬಾಯಿ ಮುಚ್ಚಿದ್ದು, ಮೇಷ್ಟ್ರ ಮಾತು ಬರೀ ನೆಪವಾಗಿದ್ದದ್ದು, ಅಪ್ಪ ಕೇಳಿದಾಗ ಅವಳಿಷ್ಟ ಅಂದದ್ದು. ಒಂದನ್ನೂ ಬಿಡಲಿಲ್ಲ. ಹೇಳುತ್ತಾ ನನ್ನ ದನಿ ಕ್ಲಾಸಿನಲ್ಲಿ ಹಾಜರಿ ಕೂಗುವ ಹಾಗೆ ಒಂದೇ ಸಮ ಇತ್ತು, ನನಗೇ ಕೇಳಿಸುತ್ತಿತ್ತು. ಅವಳು ಬೈದರೆ ಬೈಸಿಕೊಳ್ಳೋಣ, ಅತ್ತರೆ ಜೊತೆಯಲ್ಲಿ ಅಳೋಣ ಅಂತ ಬಂದಿದ್ದೆ. ಅಯ್ಯೋ ಹಳೇ ಕತೆ ಬಿಡು ಅಂತಾಳೆ ಅಂತಲೂ ಒಳಗೊಳಗೆ ಆಸೆಪಟ್ಟಿದ್ದೆ, ಸುಳ್ಳು ಯಾಕೆ. ಮುಗಿಸಿದ ಮೇಲೆ ಅವಳು ರಸ್ತೆಯ ಕಡೆ ತಿರುಗಿದಳು. ಒಂದು ಕಬ್ಬಿನ ಟ್ರ್ಯಾಕ್ಟರು ಹೋಯಿತು. ಧೂಳು ಇಳಿಯಿತು.

“ಪೇಲಾಗಿದ್ದು ಓಗ್ಲಿ ಕಣೆ. ಊರಲ್ಲಿ ಎಷ್ಟೋ ಜನ ಪೇಲಾಗ್ತರೆ. ಓದ್ದೆ ಇದ್ದಿದ್ದೂ ಓಗ್ಲಿ, ನಿಂಗೂ ಚಿಕ್ ವಯಸ್ಸು.” ಅಷ್ಟು ಹೇಳಿ ನನ್ನ ಕಡೆ ತಿರುಗಿದಳು. “ನನ್ ಮಗ ಚಿಕ್ಕೋನಾಗಿದ್ದಾಗ ಪುಸ್ತಕ ಇಡ್ಕಂಡ್ ಬಂದು ಅವ್ವ ಇದ ಯೋಳ್ಕೊಡು ಅನ್ನೋನು. ನಂಗೇನ್ಲಾ ಗೊತ್ತು, ನಾನು ದಡ್ಡಿ, ಓಗು ನಿಮ್ಮಪ್ಪನ್ ಕೇಳು ಅಂತ ಕಳಿಸ್ಬುಡ್ತಿದ್ದೆ. ಒಂದ್ ಸಲನಲ್ಲ, ದಿನಾ. ಆಮ್ಯಾಲೆ ಅವ್ನು ಬರೋದೇ ಬುಟ್ಬುಟ್ಟ.”

ನಾನು ಏನೋ ಹೇಳಲು ಹೋದೆ. ಅವಳು ಕೈ ಎತ್ತಿ ತಡೆದಳು.

“ನಾನು ದಡ್ಡಿ ಅಲ್ಲ ಅಂತ ಇಡೀ ಪರ್‌ಪಂಚದಲ್ಲಿ ಗೊತ್ತಿದ್ದೋಳು ನೀನೊಬ್ಳೆ ಕಣೆ ಸುದಾ. ನಂಗೂ ಗೊತ್ತಿರ್ಲಿಲ್ಲ.”

ದನಿ ಏರಿರಲಿಲ್ಲ. ಸಿಟ್ಟು ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು. ಬಸ್ಸು ತಿರುವಿನಲ್ಲಿ ಕಾಣಿಸಿತು. ಅಕ್ಕ ಎದ್ದು ಕೈ ಅಡ್ಡ ಹಿಡಿದು ನಿಲ್ಲಿಸಿದಳು, ನನ್ನ ಬ್ಯಾಗನ್ನು ತಾನೇ ಮೆಟ್ಟಿಲ ಮೇಲಿಟ್ಟಳು, ಇವ್ರು ಮಳವಳ್ಳಿ ಸ್ಟ್ಯಾಂಡಲ್ಲಿ ಇಳೀತಾರೆ ಅಂತ ಕಂಡಕ್ಟರಿಗೆ ಹೇಳಿದಳು. ಸೀಟು ಸಿಕ್ಕಿತು. ಕಿಟಕಿಯಿಂದ ನೋಡಿದೆ. ಸಾಮಾನ್ಯವಾಗಿ ಬಸ್ಸು ಕಣ್ಮರೆಯಾಗುವವರೆಗೂ ನಿಂತಿರುತ್ತಾಳೆ. ಅವತ್ತು ಅವಳು ಆಗಲೇ ಊರ ಕಡೆ ತಿರುಗಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಬೇಗ ಬೇಗ ನಡೆಯುತ್ತಿದ್ದಳು. ಪುಸ್ತಕ ಹಿಡಿದುಕೊಂಡು ಬರುತ್ತಿದ್ದ ಆ ಮಗ ಭಾನುವಾರದ ಕೆಲಸ ಮುಗಿಸಿ ಆ ಹೊತ್ತಿಗೆ ಮನೆಗೆ ಬಂದಿರುತ್ತಾನೆ. ಅವನಿಗೆ ಈಗ ಇಪ್ಪತ್ತೇಳು.